ಹನ್ನೊಂದು ಅಕ್ಷರದ ತೂತುಗಳು

"ನನ್ನ ಹೆಸರು ಬಿಚ್ಚು ಅಂತ ನಿನಗೆ ಯಾರು ಹೇಳಿದ್ದು?"

"ಕೂಗಬೇಡ."

"ಕೂಗ್ತೀನಿ. ಹನ್ನೊಂದು ವರ್ಷ ಇದೇ ಕೋಣೇಲಿ ಬೇರೆಯೋರ ಮೇಲೆ ಕೂಗಿದೀನಿ, ಇವತ್ತು ನಿನ್ನ ಮೇಲೆ. ಯಾರು ಹೇಳಿದ್ದು, ಪಾಶ್?"

"ಮೇಲಿನ ಆಫೀಸಿನೋರು. ಇನ್ಯಾರು ಹೇಳ್ತಾರೆ, ಚರ್ಚಿನ ಪಾದ್ರಿ ಬಂದು ಹೇಳ್ತಾನಾ? ನಿನಗೆ ಫೋನ್ ಬರಲಿಲ್ವಾ?"

"ಯಾವ ಫೋನು?"

ತಂಡದ ಜರ್ಸಿ ಹೊಲಿಯುವ, ಸ್ಕೇಟಿಗೆ ಸಾಣೆ ಹಿಡಿಯುವ ಓರ್ವಿಲ್ ಪಾಶ್ಕೊ ಕಾಫಿ ಲೋಟ ಕೆಳಗಿಟ್ಟ. ಎದುರಿಗೆ ರೆಜಾನ್ ಶಾರ್ಬೊನೊ ನಿಂತಿದ್ದ. ಸ್ಟರ್ಜನ್ ಬೆಂಡ್ ಊರಿನ ಐಸ್ ಹಾಕಿ ತಂಡದ ನಾಯಕ, ಮೂವತ್ತಾರು ವರ್ಷದವನು, ಎರಡು ಮುಂಗೈಗಳ ಮೇಲೂ ಬೇರೆಯವರ ಕೋಲು ಬಿದ್ದ ಗುರುತುಗಳು. ಒಂದು ಕೈಯಲ್ಲಿ ಲೇಸು ಕಟ್ಟಿದ ಸ್ಕೇಟುಗಳ ಜೋಡಿ, ಇನ್ನೊಂದರಲ್ಲಿ ಅವನ ಹೆಂಡತಿ ಕೊಟ್ಟು ಕಳಿಸಿದ ಬೆಣ್ಣೆ ಕಡುಬಿನ ಡಬ್ಬಿ. ಹೊಸ ಸೀಸನ್ನಿಗೆ ನಿನ್ನೆ ತಾನೇ ಮಂಜುಗಡ್ಡೆ ಕಟ್ಟಿಸಿದ್ದರು. ಮೊದಲ ದಿನವೇ ಸಾಣೆ ಹಿಡಿಸಿಕೊಂಡು ಒಂದು ಸುತ್ತು ಹಾಕೋಣವೆಂದು ಅವನು ಪ್ರತಿ ಆಗಸ್ಟಿನಂತೆ ಹಿಂಬಾಗಿಲಿನಿಂದ ಬಂದಿದ್ದ. ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಬೀಳುವ ಮೊಳೆಗೆ ಹದಿನಾಲ್ಕನೇ ನಂಬರಿನ ಜರ್ಸಿ ನೇತಾಡುತ್ತಿತ್ತು. ಬೆನ್ನು ಬಾಗಿಲ ಕಡೆಗೆ. ನಂಬರಿತ್ತು. ಅದರ ಮೇಲೆ ಭುಜದಿಂದ ಭುಜದವರೆಗೆ ಹರಡಿಕೊಂಡಿದ್ದ ಹೆಸರಿರಲಿಲ್ಲ. ಹೆಸರಿದ್ದ ಜಾಗದಲ್ಲಿ ಬಟ್ಟೆ ಸುತ್ತಲಿಗಿಂತ ಹೆಚ್ಚು ಬಿಳಿ, ಅದರ ಅಂಚಿಗೆ ಸೂಜಿಯ ಸಣ್ಣ ತೂತುಗಳ ಸಾಲು. ಹೆಸರಿನ ಬಟ್ಟೆ ಮೇಜಿನ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ, ನಾಲ್ಕಾಗಿ ಮಡಿಸಿ ಇಟ್ಟಿತ್ತು. ಓರ್ವಿಲ್ ಅದನ್ನು ಆ ಮೊಳೆಗೇ ಏಕೆ ನೇತುಹಾಕಿದ್ದ? ಬೆಳಕು ಅಲ್ಲಿ ಚೆನ್ನಾಗಿದೆ ಎಂದು. ಅದು ಅರ್ಧ ನಿಜ. ಒಂದೇ ಒಂದು ದಾರದ ತುದಿ ಉಳಿಯದ ಹಾಗೆ ಬಿಚ್ಚಿದ್ದನ್ನು ಬಂದವರು ನೋಡಲಿ ಎನ್ನುವುದು ಇನ್ನರ್ಧ. ಇಪ್ಪತ್ತೇಳು ವರ್ಷದಿಂದ ಓರ್ವಿಲ್ ತನ್ನ ಕೆಲಸವನ್ನು ಅದೇ ಮೊಳೆಗೆ ನೇತುಹಾಕುತ್ತ ಬಂದಿದ್ದ.

"ಏಜೆಂಟು ಹೇಳಿದ್ದ, ಹೊಸ ಒಪ್ಪಂದದ ಕಾಗದ ಒಂದು ಬಾಕಿ ಅಂತ," ಶಾರ್ಬೊನೊ ಅಂದ. ದನಿ ಇಳಿದಿತ್ತು, ಅದು ಕೂಗಿಗಿಂತ ಕೆಟ್ಟದಾಗಿತ್ತು. "ಶುಕ್ರವಾರ ಸಹಿ ಅಂತ. ಬೇಸಿಗೆಯೆಲ್ಲ ಬೆಟ್ಟ ಹತ್ತಿದೀನಿ ಕಣೋ, ಬೆನ್ನಿಗೆ ಮರಳಿನ ಚೀಲ ಕಟ್ಕೊಂಡು. ನನ್ನ ಹೆಂಡತಿ ನಗ್ತಿದ್ಲು."

"ನನ್ನ ಮೇಲೆ ಯಾಕೆ ಬೀಳ್ತೀಯ? ಮೇಲ್ಗಡೆ ಹೋಗು. ಫೆನ್ವಿಕ್ ಇದಾನೆ, ಅವನ ಮೇಜು ಕುಟ್ಟು."

"ಫೆನ್ವಿಕ್ ಬಂದು ಎರಡು ವರ್ಷ ಆಯ್ತು. ಅವನು ಏನ್ ಮಾಡಿದ್ರೂ ನನಗೆ ಆಶ್ಚರ್ಯ ಇಲ್ಲ. ನೀನು ಹನ್ನೊಂದು ವರ್ಷದಿಂದ ನನ್ನ ಕಾಲಿನ ಸ್ಕೇಟು ಹಿಡ್ಕೊಂಡು ಕೂತಿದ್ದೋನು. ಬಿಚ್ಚೋಕೆ ಮುಂಚೆ ಒಂದು ಮಾತು ಕೇಳೋಕೆ ನಿನ್ನ ನಾಲಿಗೆ ಬಿದ್ದು ಹೋಗಿತ್ತಾ?"

"ನನ್ನ ಕೆಲಸ ಹೊಲಿಯೋದು, ಬಿಚ್ಚೋದು. ಜನರನ್ನ ಸೇರಿಸ್ಕೊಳ್ಳೋದು, ಕಳಿಸೋದು ನನ್ನ ಕೆಲಸ ಅಲ್ಲ." ಹೇಳುತ್ತಿದ್ದ ಹಾಗೆ ಓರ್ವಿಲ್‌ಗೆ ತನ್ನ ಮುಖ ಕೆಂಪಾಗುತ್ತಿರುವುದು ಗೊತ್ತಾಯಿತು. ತಪ್ಪು ತನ್ನದಾದಾಗಲೇ ಅವನಿಗೆ ಸಿಟ್ಟು ಹೆಚ್ಚು ಬರುತ್ತಿತ್ತು. ಹೆಂಡತಿ ಇದನ್ನು ಮದುವೆಯ ಮೊದಲ ವಾರದಲ್ಲೇ ಕಂಡುಕೊಂಡಿದ್ದಳು. "ಏನ್ ನೋಡ್ತಾ ಇದೀಯ? ಹೋಗು ಅಂದ್ನಲ್ಲ."

ಶಾರ್ಬೊನೊ ಕಡುಬಿನ ಡಬ್ಬಿಯನ್ನು ಮೇಜಿನ ಮೇಲೆ, ಮಡಿಸಿದ ಹೆಸರಿನ ಪಕ್ಕದಲ್ಲಿ, ಜೋಪಾನವಾಗಿ ಇಟ್ಟ. ಸ್ಕೇಟುಗಳನ್ನು ಬೆಂಚಿನ ಮೇಲೆ ಬಿಟ್ಟ. ಮೆಟ್ಟಿಲು ಹತ್ತಿ ಹೋದ. ಎಡಗಾಲು ಕಬ್ಬಿಣದ ಮೆಟ್ಟಿಲ ಮೇಲೆ ಬಲಗಾಲಿಗಿಂತ ಕೊಂಚ ಹಗುರವಾಗಿ ಬೀಳುವುದು ಓರ್ವಿಲ್‌ಗೆ ಕೇಳಿಸಿತು. ಕೇಳಿಸಿಕೊಳ್ಳಬಾರದು ಅಂದುಕೊಂಡ, ಆದರೂ ಕೇಳಿಸಿತು.

ಕೋಣೆ ಪ್ರೇಕ್ಷಕರ ಗ್ಯಾಲರಿಯ ಕೆಳಗಿತ್ತು. ಮೇಲೆ ಮೂರು ಸಾವಿರ ಜನ ಕಾಲು ಬಡಿದಾಗ ಸೂರಿನಿಂದ ಸುಣ್ಣ ಉದುರುತ್ತಿತ್ತು, ಈಗ ಆಗಸ್ಟಿನಲ್ಲಿ ಬರೀ ಮಂಜುಗಡ್ಡೆ ಯಂತ್ರದ ಗುಂಯ್ ಸದ್ದು. ನಿನ್ನೆ ಮಧ್ಯಾಹ್ನ ತಂಡದ ಮ್ಯಾನೇಜರ್ ಫೆನ್ವಿಕ್ ಅದೇ ಮೆಟ್ಟಿಲ ಅರ್ಧಕ್ಕೆ ಇಳಿದು, ಪೂರ್ತಿ ಇಳಿಯದೆ, ಕಂಬಿ ಹಿಡಿದುಕೊಂಡು ಹೇಳಿದ್ದ: ಹದಿನಾಲ್ಕು ಟ್ರೆವರ್ ಆಶ್‌ಗೆ ಕೊಡ್ತಿದೀವಿ, ಇಪ್ಪತ್ತೆರಡು ವರ್ಷದ ಹುಡುಗ, ಶುಕ್ರವಾರ ಫೋಟೊ ತೆಗೀತಾರೆ, ಜರ್ಸಿ ರೆಡಿ ಇರಲಿ. ಶಾರ್ಬಿಗೆ ಹೇಳಿದೀರಾ ಎಂದು ಓರ್ವಿಲ್ ಕೇಳಿದ್ದ. ಇವತ್ತು ಹೇಳ್ತೀನಿ ಎಂದಿದ್ದ ಫೆನ್ವಿಕ್. ಕೆಟ್ಟ ಮನುಷ್ಯನೇನಲ್ಲ ಅವನು. ಕೆಟ್ಟ ಸುದ್ದಿ ಹೇಳುವ ಮುಂಚೆ ಮೂರು ಸಲ ನೀರು ಕುಡಿದು ನಾಳೆಗೆ ಹಾಕುವವನು. ಓರ್ವಿಲ್ ಮಾತ್ರ ಯಾವುದನ್ನೂ ನಾಳೆಗೆ ಹಾಕುವವನಲ್ಲ. ಬೆಳಿಗ್ಗೆ ಏಳಕ್ಕೆ ಬಂದು ದೀಪ ಹಾಕಿ, ಬ್ಲೇಡು ಹಿಡಿದು ಕುಳಿತು, ಇಂಗ್ಲಿಷಿನ ಸಿ ಯಿಂದ ಶುರು ಮಾಡಿ ಯು ವರೆಗೆ, ಹನ್ನೊಂದು ಅಕ್ಷರದ ಉದ್ದ ಬಟ್ಟೆಯನ್ನು ನಲವತ್ತು ನಿಮಿಷದಲ್ಲಿ ಬಿಡಿಸಿದ್ದ. ಎದೆಯ ಮೇಲಿದ್ದ, ನಾಯಕನ ಗುರುತಿನ ಒಂಟಿ ಅಕ್ಷರವನ್ನು ಬಿಚ್ಚಿರಲಿಲ್ಲ. ಅದನ್ನು ಮುಟ್ಟುವ ಹೊತ್ತಿಗೆ ಕಾಫಿ ಕುಡಿಯಬೇಕೆನಿಸಿತ್ತು.

ಈ ಬೇಸಿಗೆಯಲ್ಲಿ ಶಾರ್ಬೊನೊಗಿಂತ ಮುಂಚೆ ಏಳು ಹೆಸರು ಬಿಚ್ಚಿದ್ದಾಗಿತ್ತು. ಇಬ್ಬರು ಗೋಲ್‌ಕೀಪರುಗಳೂ ಹೋದರು, ಒಬ್ಬ ದೊಡ್ಡ ಲೀಗಿಗೆ, ಒಬ್ಬ ಅವನ ಮಾವನ ಸೂರು ಹೊದಿಸುವ ಕಂಪನಿಗೆ. ಲಾಟ್ವಿಯಾದ ಯುರಿಸ್ ತನ್ನ ದೇಶಕ್ಕೆ ಹೋದ. ಒಬ್ಬನನ್ನು ಪಶ್ಚಿಮದ ತಂಡಕ್ಕೆ ಬದಲಿ ಕೊಟ್ಟರು, ಆ ತಂಡದಿಂದ ಬಂದವನ ಹೆಲ್ಮೆಟ್ಟಿನ ಅಳತೆ ಈಗಾಗಲೇ ಗೋಡೆಯ ಮೇಲಿದೆ. ಪ್ರತಿಯೊಬ್ಬನಿಗೂ ಓರ್ವಿಲ್ ಅವನ ಹೆಸರಿನ ಬಟ್ಟೆಯನ್ನು ಕೈಯಿಂದ ಕೈಗೆ ಕೊಟ್ಟಿದ್ದ. ಇದು ತಂಡದ ನಿಯಮವಲ್ಲ, ಓರ್ವಿಲ್‌ನ ನಿಯಮ. ಅಂಚೆಯಲ್ಲಿ ಕಳಿಸುವುದಿಲ್ಲ, ಇನ್ನೊಬ್ಬನ ಕೈಲಿ ಕೊಡುವುದಿಲ್ಲ. ಒಮ್ಮೆ ಫೆಬ್ರವರಿಯ ಹಿಮದಲ್ಲಿ, ಬೆಳಿಗ್ಗೆ ಬದಲಿಯಾಗಿ ಮಧ್ಯಾಹ್ನದ ಬಸ್ಸಿಗೆ ಹೊರಟವನ ಹಿಂದೆ ತನ್ನ ಟ್ರಕ್ಕಿನಲ್ಲಿ ನೂರ ಹತ್ತು ಕಿಲೋಮೀಟರು ಹೋಗಿ, ಪೆಟ್ರೋಲ್ ಬಂಕಿನಲ್ಲಿ ಬಸ್ಸು ನಿಂತಾಗ ಹತ್ತಿ, ಅವನ ತೊಡೆಯ ಮೇಲೆ ಇಟ್ಟು ಬಂದಿದ್ದ. ಆ ಹುಡುಗ ಅಳುತ್ತಿದ್ದ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಬಾಯಲ್ಲಿ ಆಲೂಗಡ್ಡೆ ಚಿಪ್ಸು ಇಟ್ಟುಕೊಂಡೇ. ಆಮೇಲೆ ಅವನು ಕಾಗದ ಬರೆದ, ಆ ಬಟ್ಟೆಯನ್ನು ಮಗುವಿನ ಕೌದಿಗೆ ಹೊಲಿಸಿದ್ದೇನೆ ಎಂದು. ಊರಿನ ಜನ ನಗುತ್ತಿದ್ದರು: ಹೊಲಿಗೆ ಯಂತ್ರದ ಗಂಡಸು, ಪಾಶ್ಕೊ. ನಗಲಿ. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಈ ಊರಿಗೆ ಉಳಿದದ್ದು ಒಂದು ನದಿ, ಒಂದು ಸೇತುವೆ, ಒಂದು ತಂಡ. ತಂಡ ಬಸ್ಸಿಳಿದು ಬೇರೆ ಊರಿನ ಅಂಕಣಕ್ಕೆ ಕಾಲಿಟ್ಟಾಗ ಇಪ್ಪತ್ತಮೂರು ಬೆನ್ನುಗಳ ಮೇಲೆ ಒಂದು ಹೆಸರೂ ಸೊಟ್ಟಗಿರುತ್ತಿರಲಿಲ್ಲ. ದೊಡ್ಡ ಶಹರದ ಶ್ರೀಮಂತ ತಂಡಗಳ ಜರ್ಸಿಯ ಮೇಲೆ ಹೆಸರು ಮೂಲೆಯಲ್ಲಿ ಎದ್ದಿರುವುದನ್ನು ಓರ್ವಿಲ್ ದೂರದಿಂದಲೇ ನೋಡಿ ಒಳಗೊಳಗೇ ಗೆಲ್ಲುತ್ತಿದ್ದ.

ಹತ್ತೊಂಬತ್ತು ವರ್ಷದವನಿದ್ದಾಗ ಓರ್ವಿಲ್ ಇದೇ ತಂಡಕ್ಕೆ ಆಯ್ಕೆಯ ಶಿಬಿರಕ್ಕೆ ಬಂದಿದ್ದ. ಆಗ ತಂಡದ ಹೊಲಿಗೆ ಅವನ ತಾಯಿಯದು. ಈಗ ಮೇಜಿನ ಮೇಲಿರುವ ಕಪ್ಪು ಕಬ್ಬಿಣದ ಯಂತ್ರವೂ ಅವಳದೇ. ಹತ್ತು ದಿನದ ಶಿಬಿರ, ಕೊನೆಯ ದಿನ ಬೆಳಿಗ್ಗೆ ಉಳಿದವರ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಅವನು ಮೂರು ಸಲ ಓದಿದ. ಬೆರಳಿಟ್ಟುಕೊಂಡು ಓದಿದರೆ ಇಲ್ಲದ ಹೆಸರು ಬರುತ್ತದೇನೋ ಎನ್ನುವ ಹಾಗೆ ನಾಲ್ಕನೇ ಸಲ ಬೆರಳಿಟ್ಟುಕೊಂಡು ಓದಿದ. ಒಳಗಡೆಯಿಂದ ಯಾರೂ ಬಂದು ಒಂದು ಮಾತು ಹೇಳಲಿಲ್ಲ. ತರಬೇತುದಾರ ಪಕ್ಕದಲ್ಲೇ ಹಾದು ಹೋದ, ಅವನ ಕೈಲಿ ಅರ್ಧ ತಿಂದ ಸೇಬಿತ್ತು. ಮನೆಗೆ ಬಂದಾಗ ತಾಯಿ ಅಡಿಗೆಮನೆಯ ಮೇಜಿನಲ್ಲಿ ಕುಳಿತು ಏನನ್ನೋ ಬಿಚ್ಚುತ್ತಿದ್ದಳು. ಅವನು ಆಲೂಗಡ್ಡೆ ಕಡುಬು ತಟ್ಟೆಗೆ ಹಾಕಿಕೊಂಡು ಎದುರಿಗೆ ಕುಳಿತ ಮೇಲೆ ಗೊತ್ತಾಯಿತು, ಅವಳ ತೊಡೆಯ ಮೇಲಿದ್ದದ್ದು ಪಾಶ್ಕೊ ಎಂದು ಬರೆದ ಜರ್ಸಿ. ಮಗ ಆಯ್ಕೆಯಾಗುತ್ತಾನೆಂದು ಹೆಮ್ಮೆಯಿಂದ ಮುಂಚೆಯೇ ಹೊಲಿದಿಟ್ಟಿದ್ದಳು. ಅವಳು ತಲೆ ಎತ್ತಲಿಲ್ಲ. ಅವನು ತಿಂದ. ಕಡುಬು ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು, ದಾರ ಟಕ್ ಟಕ್ ಎಂದು ತುಂಡಾಗುತ್ತಿತ್ತು. ಹಾಗಾಗಿಯೇ, ಈ ಕೋಣೆಯ ಬೀಗದ ಕೈ ತನ್ನ ಕೈಗೆ ಬಂದ ದಿನ, ಓರ್ವಿಲ್ ತನಗೆ ತಾನೇ ಹೇಳಿಕೊಂಡದ್ದು: ಈ ಬಾಗಿಲಲ್ಲಿ ಯಾರೂ ಗೋಡೆಯಿಂದ ಸುದ್ದಿ ತಿಳಿಯುವುದಿಲ್ಲ. ಇವತ್ತು ಒಬ್ಬ ಮೊಳೆಯಿಂದ ತಿಳಿದಿದ್ದ. ಅದೂ ಯಾರು.

ಮೇಲೆ ಕುರ್ಚಿ ಎಳೆದ ಸದ್ದಾಯಿತು. ಕೂಗಾಟವಿರಲಿಲ್ಲ. ಕೂಗಾಟವಿದ್ದಿದ್ದರೆ ಚೆನ್ನಾಗಿತ್ತು. ಓರ್ವಿಲ್ ಬೆಂಚಿನ ಮೇಲಿನ ಸ್ಕೇಟುಗಳನ್ನು ನೋಡಿದ. ಕೈ ತಾನಾಗಿ ಎಡಗಾಲಿನದನ್ನು ತೆಗೆದುಕೊಂಡಿತು, ಹೆಬ್ಬೆರಳು ಅಲಗಿನ ತಳದ ತೋಡಿನ ಮೇಲೆ ಹರಿಯಿತು. ಜನವರಿಯಲ್ಲಿ ಒಂದು ಚೆಂಡು, ಅದು ಚೆಂಡಲ್ಲ, ಗಟ್ಟಿ ರಬ್ಬರಿನ ಬಿಲ್ಲೆ, ಆ ಎಡಗಾಲಿನ ಹರಡಿನ ಕೀಲಿಗೆ ಬಡಿದಿತ್ತು. ಶಾರ್ಬೊನೊ ಬೇಕೆಂದೇ ಅಡ್ಡ ಕಾಲಿಟ್ಟದ್ದು, ತಂಡ ಒಂದು ಗೋಲು ಮುಂದಿದ್ದ ಆಟದಲ್ಲಿ ಕೊನೆಯ ನಿಮಿಷದಲ್ಲಿ. ಮೂರು ದಿನ ಬಿಟ್ಟು ಬಂದು ಇದೇ ಬೆಂಚಿನಲ್ಲಿ ಕುಳಿತು ಮೆಲ್ಲಗೆ ಹೇಳಿದ್ದ: "ಪಾಶ್, ಎಡಗಾಲಿಗೆ ಮಾತ್ರ ತೋಡು ಸ್ವಲ್ಪ ಕಡಿಮೆ ಆಳ ಮಾಡು. ಜಾಸ್ತಿ ಕಚ್ತಾ ಇದೆ." ಆಳದ ತೋಡು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ, ಚೂಪಾಗಿ ತಿರುಗುವುದಕ್ಕೆ ಅದು ಬೇಕು, ಆದರೆ ಆ ಕಚ್ಚುವಿಕೆಯನ್ನು ಹರಡಿನ ಕೀಲು ತಾಳಬೇಕು. ಎರಡು ಕಾಲಿಗೆ ಎರಡು ಆಳ. ಓರ್ವಿಲ್ ಏನೂ ಕೇಳದೆ ಮಾಡಿಕೊಟ್ಟಿದ್ದ. ಆ ಕಾಲಿನಲ್ಲೇ ಶಾರ್ಬೊನೊ ನಲವತ್ತೊಂದು ಆಟ ಆಡಿದ. ಲೀಗಿನಲ್ಲಿ ಮೂರನೆಯವರಾಗಿ ಮುಗಿಸಿ, ತಮಗಿಂತ ಮೇಲಿನ ಎರಡು ತಂಡಗಳನ್ನೂ ಕೆಡವಿ ಫೈನಲ್ಲಿಗೆ ಹೋದರು. ಏಳು ಆಟಗಳ ಫೈನಲ್ಲಿನ ಏಳನೆಯ ಆಟ, ತಮ್ಮದೇ ಅಂಕಣ, ಹೆಚ್ಚುವರಿ ಸಮಯ, ಸೋತರು. ಸೋತ ಮೇಲೆ ಮೂರು ಸಾವಿರ ಜನ ಎದ್ದು ನಿಂತು ಒಬ್ಬರೂ ಹೊರಗೆ ಹೋಗಲಿಲ್ಲ. ಸುಣ್ಣ ಉದುರಿ ಓರ್ವಿಲ್‌ನ ಕಾಫಿಗೆ ಬಿತ್ತು, ಅವನು ಅದನ್ನು ಹಾಗೇ ಕುಡಿದ.

ಆಮೇಲಿನ ವಾರ, ಹುಡುಗರು ತಮ್ಮ ಸಾಮಾನುಗಳನ್ನು ಕಸದ ಚೀಲಗಳಲ್ಲಿ ತುಂಬಿಕೊಂಡು ಬೇಸಿಗೆಗೆ ಹೊರಟುಹೋದ ದಿನ, ಫೆನ್ವಿಕ್ ಮೊದಲ ಸಲ ಮೆಟ್ಟಿಲನ್ನು ಪೂರ್ತಿ ಇಳಿದು ಬಂದಿದ್ದ. ಕೈಯಲ್ಲಿ ಎರಡು ಕಾಫಿ. ಬಕೆಟ್ಟು ಬೋರಲು ಹಾಕಿಕೊಂಡು ಕುಳಿತ. "ಈ ಹುಡುಗರ ಕಾಲು ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ ಅಂತಾರೆ, ಓರ್ವಿಲ್," ಎಂದ. ಎರಡು ವರ್ಷದಲ್ಲಿ ಮೇಲಿನಿಂದ ಬಂದ ಮೊದಲ ಒಳ್ಳೆಯ ಮಾತು. ಓರ್ವಿಲ್‌ನ ಬೆನ್ನು ನೆಟ್ಟಗಾಯಿತು. ಮಾತು ತಾನಾಗಿ ಹರಿಯಿತು: ಯುರಿಸ್ ಬಲಕ್ಕೆ ತಿರುಗುವುದಕ್ಕೆ ಹೆದರುತ್ತಾನೆ, ಅವನ ಅಲಗಿನ ಒಳ ಅಂಚು ಸವೆಯುವುದೇ ಇಲ್ಲ ನೋಡಿ, ಎರಡನೆಯ ಗೋಲ್‌ಕೀಪರ್ ಹಿಮ್ಮಡಿಯ ಮೇಲೆ ಕೂರುತ್ತಾನೆ, ಮತ್ತೆ ಶಾರ್ಬಿ, ಜನವರಿಯಿಂದ ಎಡಗಾಲಿಗೆ ಬೇರೆ ಆಳ. "ಡಾಕ್ಟರಿಗೂ ಗೊತ್ತಿಲ್ಲ, ಕೋಚಿಗೂ ಗೊತ್ತಿಲ್ಲ. ನನಗೆ ಗೊತ್ತು," ಅಂದಿದ್ದ ಓರ್ವಿಲ್. ನನಗೆ ಗೊತ್ತು. ಆ ಎರಡು ಪದಗಳನ್ನು ಹೇಳುವಾಗ ಬಾಯಲ್ಲಿ ಹುಟ್ಟಿದ ರುಚಿ ಅವನಿಗೆ ಈಗಲೂ ನೆನಪಿತ್ತು. ಫೆನ್ವಿಕ್ ಏನೂ ಬರೆದುಕೊಳ್ಳಲಿಲ್ಲ. ಕಾಫಿಯ ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿದ, ಅಷ್ಟೆ.

ಶಾರ್ಬೊನೊ ಇಳಿದು ಬಂದ. ಇಪ್ಪತ್ತು ನಿಮಿಷವಾಗಿರಬಹುದು. ಬೆಂಚಿನ ಮೇಲೆ ಕುಳಿತು ತಾನು ತಂದ ಡಬ್ಬಿಯನ್ನು ತೆಗೆದು ಒಂದು ಬೆಣ್ಣೆ ಕಡುಬು ಬಾಯಿಗೆ ಹಾಕಿಕೊಂಡ.

"ಪಾಪ ಅವನು ನೀರು ಕುಡೀತಾನೇ ಇದ್ದ," ಎಂದ. "ನಾನೇ ಸಮಾಧಾನ ಮಾಡ್ಬೇಕಾಯ್ತು. ನನಗೆ ಆಫೀಸಲ್ಲಿ ಏನೋ ಕೆಲಸ ಕೊಡ್ತಾರಂತೆ. ಶಾಲೆ ಮಕ್ಕಳ ಕೈ ಕುಲುಕೋ ಕೆಲಸ."

"ಏನಂದೆ?"

"ಕುಲುಕೋಕೆ ನನ್ನ ಕೈ ನೆಟ್ಟಗಿಲ್ಲ ಅಂದೆ. ತೋರಿಸ್ದೆ. ಎರಡು ಬೆರಳು ಮಡಚಲ್ಲ." ಅವನು ಇನ್ನೊಂದು ಕಡುಬು ತೆಗೆದ. "ಕಾಲಿನ ವಿಷಯ ಗೊತ್ತಿದೆ ಅವನಿಗೆ, ಪಾಶ್. ವೀಡಿಯೊ ನೋಡಿ ನೋಡಿ ಗೊತ್ತಾಯ್ತಂತೆ. ಎಡಕ್ಕೆ ತಿರುಗುವಾಗ ಅಗಲವಾಗಿ ಹೋಗ್ತೀಯ ಅಂದ. ಕಳ್ಳ ನನ್ಮಗ, ಆಟ ನೋಡೋಕೆ ಬರಲ್ಲ ಅಂದ್ಕೊಂಡಿದ್ದೆ, ಕಣ್ಣು ಚೆನ್ನಾಗೇ ಇದೆ."

ಓರ್ವಿಲ್ ಯಂತ್ರದ ಗಾಲಿಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ಫೆನ್ವಿಕ್ ತನ್ನನ್ನು ಉಳಿಸಿದ್ದ. ಯಾಕೆ ಎಂದು ಅವನಿಗೆ ಅರ್ಥವಾಗಲಿಲ್ಲ, ಉಳಿಸಿದ್ದು ಮಾತ್ರ ನಿಜ. ಸುಮ್ಮನಿದ್ದರೆ ಇಲ್ಲಿಗೆ ಮುಗಿಯಿತು. ಜರ್ಸಿ ಬೇಗ ಬಿಚ್ಚಿದ ತಪ್ಪಿಗೆ ಎರಡು ತಿಂಗಳು ಬೈಸಿಕೊಂಡು, ಹೇಮಂತದಲ್ಲಿ ಒಟ್ಟಿಗೆ ಮೀನು ಹಿಡಿಯುವುದಕ್ಕೆ ಹೋದರೆ ಆಯಿತು. ಅವನಿಗೆ ಫೆನ್ವಿಕ್‌ನ ಮೇಲೆ ವಿಪರೀತ ಸಿಟ್ಟು ಬಂತು. ಎರಡು ವರ್ಷ ತಾನು ಅವನನ್ನು ಕೀಳಾಗಿ ನೋಡಿದ್ದ, ಈಗ ಅವನಿಂದ ಒಂದು ಉಪಕಾರ ತೆಗೆದುಕೊಂಡು ಈ ಯಂತ್ರದ ಮುಂದೆ ಕೂರಬೇಕಲ್ಲ ಎಂದು.

"ವೀಡಿಯೊ ಅಲ್ಲ," ಎಂದ ಓರ್ವಿಲ್. "ನಾನು ಹೇಳಿದ್ದು."

ಶಾರ್ಬೊನೊ ಅಗಿಯುವುದನ್ನು ನಿಲ್ಲಿಸಿದ.

"ಮೇ ತಿಂಗಳಲ್ಲಿ. ಅವನು ಕಾಫಿ ತಂದಿದ್ದ. ಯಾರೂ ನನ್ನನ್ನ ಒತ್ತಾಯ ಮಾಡಲಿಲ್ಲ. ಕೇಳಲೂ ಇಲ್ಲ. ನನಗೆ ಎಷ್ಟು ಗೊತ್ತಿದೆ ನೋಡು ಅಂತ ತೋರಿಸ್ಕೊಳ್ಳೋಕೆ ಹೇಳ್ದೆ. ಎರಡು ಕಾಲಿಗೆ ಎರಡು ಆಳ ಅಂತ."

"ಕಾಫಿಗೆ."

"ಕಾಫಿಗಲ್ಲ. ಹೊಗಳಿದ, ಅದಕ್ಕೆ."

ಅವನು ಬೈಯಲಿ ಎಂದು ಓರ್ವಿಲ್ ಕಾದ. ಎದ್ದು ಬಂದು ಎರಡು ಹೊಡೆದರೂ ಆಗುತ್ತಿತ್ತು. ಐಸಿನ ಮೇಲೆ ಇದಕ್ಕಿಂತ ಸಣ್ಣ ಕಾರಣಕ್ಕೆ ಕೈಗವಸು ಬಿಸಾಡಿ ಜಗಳಕ್ಕೆ ನಿಂತವನು ಅವನು. ಶಾರ್ಬೊನೊ ಬೆರಳಿಗೆ ಅಂಟಿದ ಸಕ್ಕರೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೊಳೆಯ ಮೇಲಿನ ಜರ್ಸಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಕೇಟುಗಳನ್ನು ಎತ್ತಿ ಸಾಣೆಯ ಯಂತ್ರದ ಮೇಲಿಟ್ಟ.

"ಎರಡಕ್ಕೂ ಒಂದೇ ಆಳ ಹಾಕು," ಎಂದ. "ಮೊದಲಿದ್ದ ಹಾಗೆ."

"ನಿನ್ನ ಕಾಲು ತಡೆಯಲ್ಲ."

"ನನ್ನ ಕಾಲಿನ ಬಗ್ಗೆ ನಿನ್ನನ್ನ ಕೇಳಿದ್ನಾ? ಸಾಣೆ ಹಿಡಿ."

ಓರ್ವಿಲ್ ಕನ್ನಡಕ ಹಾಕಿಕೊಂಡ. ಕಲ್ಲು ತಿರುಗಿತು. ಕಿಡಿಗಳು ಅವನ ಮುಂಗೈಗೆ ಬಿದ್ದು ಆರುತ್ತಿದ್ದವು. ಅಲಗಿನ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಎಳೆಯಬೇಕು, ನಡುವೆ ನಿಂತರೆ ಗುಂಡಿ ಬೀಳುತ್ತದೆ. ಅವನು ಎಂಟು ಸಲ ಎಳೆದ. ಕೈ ನಡುಗಲಿಲ್ಲ. ಈ ಹೊತ್ತಿನಲ್ಲೂ ಕೈ ನಡುಗದಿದ್ದುದಕ್ಕೆ ಒಳಗೆ ಸಣ್ಣದೊಂದು ಹೆಮ್ಮೆ ತಲೆಯೆತ್ತಿತು, ಅದನ್ನು ಕಂಡು ಅವನಿಗೆ ನಾಚಿಕೆಯಾಯಿತು, ಆದರೂ ಒಂಬತ್ತನೆಯ ಸಲ ಹಗುರವಾಗಿ ಎಳೆದು, ಎಣ್ಣೆಯ ಕಲ್ಲಿನಿಂದ ಅಂಚು ಒರೆಸಿ, ಉಗುರಿನ ಮೇಲೆ ಗೀರಿ ನೋಡಿದ. ಉಗುರಿನ ಪುಡಿ ಎದ್ದಿತು. ಇದಕ್ಕಿಂತ ಒಳ್ಳೆಯ ಅಂಚನ್ನು ಅವನು ಯಾವತ್ತೂ ಹಿಡಿದಿರಲಿಲ್ಲ. ಶಾರ್ಬೊನೊ ಲೇಸು ಬಿಗಿದು, ರಬ್ಬರಿನ ನೆಲದ ಮೇಲೆ ಧಡ್ ಧಡ್ ಎಂದು ನಡೆದು ಅಂಕಣದ ಕಡೆ ಹೋದ.

ಓರ್ವಿಲ್ ಹಿಂದೆ ಹೋಗಲಿಲ್ಲ. ಬೇಕಿರಲಿಲ್ಲ. ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ಹೊಸ ಮಂಜುಗಡ್ಡೆಯ ಮೇಲೆ ಮೊದಲ ಅಲಗಿನ ಸದ್ದಿಗೆ ಬೇರೆ ಯಾವುದರ ಹೋಲಿಕೆಯೂ ಇಲ್ಲ, ಗಟ್ಟಿ ಬಟ್ಟೆಯನ್ನು ನಿಧಾನವಾಗಿ ಸೀಳಿದ ಹಾಗೆ ಅನ್ನಬಹುದೇನೋ. ಒಂದು ಸುತ್ತು. ಎರಡು. ವೇಗ ಹೆಚ್ಚಿತು. ಬಲಕ್ಕೆ ತಿರುವು, ಚೊಕ್ಕವಾಗಿ. ಖಾಲಿ ಗ್ಯಾಲರಿಯಲ್ಲಿ ಸದ್ದು ದೊಡ್ಡದಾಗಿ ಮರಳುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಫೆನ್ವಿಕ್ ಕೆಳಗಿನವರೆಗೂ ಇಳಿದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ, ಕೈಯಲ್ಲಿ ನೀರಿನ ಬಾಟಲಿ.

ಎಡಕ್ಕೆ ತಿರುವು. ಓರ್ವಿಲ್ ಗೋಡೆಯ ಕಡೆ ಕಿವಿ ತಿರುಗಿಸಿದ. ಅಲಗು ಕಚ್ಚಿತು, ಆಳವಾಗಿ ಕಚ್ಚಿತು, ಹಿಡಿಯಿತು, ಹಿಡಿದೇ ಇತ್ತು. ತಿರುವಿನ ಕೊನೆಯಲ್ಲಿ, ಒಂದು ಕೂದಲೆಳೆಯಷ್ಟು, ಜಾರಿತು. ಮೂರು ಸಾವಿರ ಜನರಿದ್ದರೂ ಯಾರಿಗೂ ಗೊತ್ತಾಗದಷ್ಟು. ಮತ್ತೆ ಅದೇ ತಿರುವು. ಮತ್ತೆ ಅಷ್ಟೇ ಜಾರಿತು. ಐದು ಸಲ ಹಾಗೆ ಎಡಕ್ಕೇ ತಿರುಗಿದ ಶಾರ್ಬೊನೊ, ಐದು ಸಲವೂ ಮೊದಲಿಗಿಂತ ವೇಗವಾಗಿ. ಆರನೆಯದು ಇಡೀ ಕಟ್ಟಡವನ್ನು ಸೀಳಿದ ಹಾಗೆ ಬಂತು.

"ಹೇಗನ್ನಿಸ್ತು?" ಫೆನ್ವಿಕ್ ಮೆಲ್ಲಗೆ ಕೇಳಿದ. "ಕಾಲು?"

"ಈ ಯಂತ್ರದ ಸದ್ದಲ್ಲಿ ನನಗೆ ಏನೂ ಕೇಳ್ಸಲ್ಲ, ಫೆನ್ವಿಕ್ ಸಾಹೇಬ್ರೆ," ಎಂದ ಓರ್ವಿಲ್. ಕೋಣೆಯ ಯಾವ ಯಂತ್ರವೂ ತಿರುಗುತ್ತಿರಲಿಲ್ಲ.

ಫೆನ್ವಿಕ್ ಅವನನ್ನು ನೋಡಿದ, ಯಂತ್ರವನ್ನು ನೋಡಿದ, ಬಾಟಲಿಯ ಮುಚ್ಚಳ ತಿರುಗಿಸಿದ. ಕೋಣೆಯ ತುಂಬ ನೋಡಿ ಕೊನೆಗೆ ಅವನ ಕಣ್ಣು ಜರ್ಸಿಯ ಮೇಲೆ ನಿಂತಿತು. "ಆ ತೂತುಗಳು ಕಾಣ್ತವಲ್ಲ, ಫೋಟೊದಲ್ಲಿ. ಆಶ್ ಅಂದ್ರೆ ಮೂರೇ ಅಕ್ಷರ. ಎರಡೂ ಪಕ್ಕ ಖಾಲಿ ಉಳಿಯುತ್ತೆ. ಹಬೆ ಹಿಡಿದರೆ ಮುಚ್ಚಿಹೋಗುತ್ತೆ ಅಂತ ನೀವೇ ಒಂದ್ಸಲ ಹೇಳಿದ್ರಿ."

ಹೇಳಿದ್ದು ನಿಜ. ಹಬೆ ಹಿಡಿದು, ಉಗುರಿನ ಬೆನ್ನಿನಿಂದ ಎಳೆಗಳನ್ನು ಮೆಲ್ಲಗೆ ಸವರಿ ಒಂದಕ್ಕೊಂದು ಕೂಡಿಸಿದರೆ, ಅಲ್ಲಿ ಹೆಸರಿತ್ತೆಂದು ಹೆಸರಿನವನಿಗೂ ಗೊತ್ತಾಗುವುದಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮುನ್ನೂರು ಹೆಸರುಗಳ ತೂತುಗಳನ್ನು ಓರ್ವಿಲ್ ಹಾಗೆ ಮುಚ್ಚಿದ್ದ. ಇಡೀ ಲೀಗಿನಲ್ಲಿ ಇದು ಬರುವವನು ಅವನೊಬ್ಬನೇ.

"ಇದಕ್ಕೆ ಆಗಲ್ಲ," ಎಂದ. "ಬಟ್ಟೆ ಹಳೇದು."

ಶಾರ್ಬೊನೊ ಒಳಗೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು, ಮುಖದ ತುಂಬ ರಕ್ತ ಏರಿ ಐದಾರು ವರ್ಷ ಚಿಕ್ಕವನ ಹಾಗೆ ಕಾಣುತ್ತಿದ್ದ. ಫೆನ್ವಿಕ್‌ಗೆ ತಲೆಯಾಡಿಸಿದ. ಕುಳಿತು ಸ್ಕೇಟು ಬಿಚ್ಚಿದ. ಎಡಗಾಲಿನದನ್ನು ಎಳೆಯುವಾಗ ಅವನ ದವಡೆ ಬಿಗಿಯಿತು, ಅದು ಕಂಡರೂ ಓರ್ವಿಲ್ ಕಾಣದವನ ಹಾಗೆ ಡಬ್ಬಿಯ ಮುಚ್ಚಳ ಹಾಕಿದ. ಶಾರ್ಬೊನೊ ಎದ್ದು ಬರಿಗಾಲಿನಲ್ಲಿ ಬಂದು ಮೊಳೆಯಿಂದ ಜರ್ಸಿ ತೆಗೆದು ಮೇಜಿನ ಮೇಲೆ ಅಂಗಾತ ಹಾಸಿದ. ಎದೆಯ ಮೇಲೆ ನಾಯಕನ ಅಕ್ಷರ ಇನ್ನೂ ಇತ್ತು.

"ಇದನ್ನ ಯಾಕೆ ಬಿಟ್ಟೆ?"

"ಕಾಫಿ ಕುಡಿಯೋಕೆ ಹೋದೆ."

"ಇದನ್ನ ನಾನೇ ಬಿಚ್ತೀನಿ. ಕೊಡಿಲ್ಲಿ ಬ್ಲೇಡು."

ಅವನಿಗೆ ಬರುತ್ತಿರಲಿಲ್ಲ. ಮಡಚದ ಎರಡು ಬೆರಳಿನ ನಡುವೆ ಬ್ಲೇಡು ಸಿಕ್ಕಿಸಿಕೊಂಡು ದಾರದ ಕೆಳಗೆ ಹಾಕುವುದರ ಬದಲು ಮೇಲಿನಿಂದ ಗೀರಿದ. ಬಟ್ಟೆ ಎರಡು ಕಡೆ ಹರಿಯಿತು. ಓರ್ವಿಲ್‌ನ ಕೈ ಹಪಹಪಿಸಿತು, ಹೀಗಲ್ಲ ಮಾರಾಯ, ಹೀಗಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂತು, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಬಹಳ ಹೊತ್ತು ಹಿಡಿಯಿತು. ಫೆನ್ವಿಕ್ ಕೂಡ ಅಲುಗಲಿಲ್ಲ. ಕೊನೆಗೆ ಅಕ್ಷರ ಬಿಡಿಸಿ ಬಂತು, ಅಂಚಿನಲ್ಲಿ ದಾರಗಳು ಜೋಲುತ್ತಿದ್ದವು. ಶಾರ್ಬೊನೊ ಅದನ್ನು ಅಂಗೈಯಲ್ಲಿಟ್ಟು ನೋಡಿ ಮೇಜಿನ ಮೇಲೆ ಇಟ್ಟ.

"ಮುಂದಿನವನಿಗೆ ಹೊಲಿ. ಗಟ್ಟಿಯಾಗಿ ಹೊಲಿ, ಅವನು ಬಿಚ್ಚುವಾಗ್ಲೂ ಇಷ್ಟೇ ಕಷ್ಟ ಆಗ್ಲಿ."

ಓರ್ವಿಲ್ ಮಡಿಸಿದ ಹೆಸರಿನ ಬಟ್ಟೆಯನ್ನು ತೆಗೆದುಕೊಂಡ. ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಅದರ ಮಡಿಕೆಯನ್ನು ಹೆಬ್ಬೆರಳಿನಿಂದ ನೇರ ಮಾಡಿದ. ಮುನ್ನೂರು ಜನರಿಗೆ ಕೊಡುವಾಗ ಅವನು ಒಂದೇ ಮಾತು ಹೇಳುತ್ತಿದ್ದ, ನಮ್ಮ ಊರಿಗೆ ನೀನು ಮಾಡಿದ್ದು ಸಾಕಷ್ಟಾಯ್ತು ಎಂದು. ಈಗ ಅದು ಹೊರಡಲಿಲ್ಲ.

ಶಾರ್ಬೊನೊ ಬಟ್ಟೆಯನ್ನು ನೋಡಿದ. ತೆಗೆದುಕೊಳ್ಳಲಿಲ್ಲ.

"ಊರು ಬಿಟ್ಟು ಹೋಗೋರು ತಗೊಂಡು ಹೋಗ್ತಾರೆ," ಎಂದ. "ನಾನೆಲ್ಲಿಗೆ ಹೋಗ್ತೀನಿ? ನನ್ನ ಮನೆ ಸೇತುವೆ ಆಚೆ ಇದೆ. ನೀನು ಬಿಚ್ಚಿದ್ದು, ನೀನೇ ಇಟ್ಕೋ."

"ಶಾರ್ಬಿ."

"ನೀನು ಹೇಳಿದ್ದು ಒಳ್ಳೇದಾಯ್ತು, ಪಾಶ್. ವೀಡಿಯೊ ಅಂದ್ಕೊಂಡು ಸಾಯೋವರ್ಗೂ ಫೆನ್ವಿಕ್ ಕಣ್ಣನ್ನ ಹೊಗಳ್ತಾ ಇರ್ತಿದ್ದೆ." ಅವನು ನಕ್ಕ. ಫೆನ್ವಿಕ್ ನೆಲ ನೋಡಿದ. "ಇವತ್ತಿನ ಅಂಚು ಚೆನ್ನಾಗಿತ್ತು."

ಸ್ಕೇಟುಗಳ ಲೇಸು ಒಂದಕ್ಕೊಂದು ಕಟ್ಟಿ ಹೆಗಲಿಗೆ ಹಾಕಿಕೊಂಡ. ಕಡುಬಿನ ಡಬ್ಬಿಯನ್ನು ಅಲ್ಲೇ ಬಿಟ್ಟ. ಹಿಂಬಾಗಿಲಿಗೆ ಓರ್ವಿಲ್ ಯಾವಾಗಲೂ ಆಟದ ಒಂದು ಹಳೆಯ ಬಿಲ್ಲೆಯನ್ನು ಸಿಕ್ಕಿಸಿಟ್ಟಿರುತ್ತಿದ್ದ, ಬಾಗಿಲು ತಾನಾಗಿ ಮುಚ್ಚಿಕೊಂಡು ಹುಡುಗರು ಹೊರಗೆ ಉಳಿಯದಿರಲಿ ಎಂದು. ಅದನ್ನು ದಾಟಿ ಶಾರ್ಬೊನೊ ಬಿಸಿಲಿಗೆ ಇಳಿದ. ಬಲಗಾಲು, ಎಡಗಾಲು, ಎರಡೂ ಒಂದೇ ಭಾರದಲ್ಲಿ ನೆಲಕ್ಕೆ ಬೀಳುತ್ತಿದ್ದವು, ಹಾಗೆ ಬೀಳಿಸುವುದಕ್ಕೆ ಎಷ್ಟು ನೋವಾಗುತ್ತಿರಬಹುದೆಂದು ಓರ್ವಿಲ್‌ಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಅಲ್ಲೇ, ಒಳಗೇ, ಇಟ್ಟುಕೊಂಡ.

ಶುಕ್ರವಾರದ ಹೊತ್ತಿಗೆ ಮೂರು ಅಕ್ಷರದ ಹೆಸರನ್ನು ಜರ್ಸಿಯ ನಡುಮಧ್ಯಕ್ಕೆ ಹೊಲಿದಿಟ್ಟಿದ್ದ, ಒಂದು ದಾರವೂ ಸೊಟ್ಟಗಿಲ್ಲದ ಹಾಗೆ. ಹಬೆಯ ಇಸ್ತ್ರಿಯನ್ನು ಗೋಡೆಯಿಂದ ಕೆಳಗಿಳಿಸಲಿಲ್ಲ. ಎರಡೂ ಪಕ್ಕದಲ್ಲಿ ನಾಲ್ಕು ನಾಲ್ಕು ಅಕ್ಷರದಷ್ಟು ಉದ್ದಕ್ಕೆ ತೂತುಗಳ ಸಾಲು ಹಾಗೇ ಉಳಿಯಿತು, ಎದೆಯ ಮೇಲೆ ಎರಡು ಹರುಕೂ. ಫೋಟೊ ತೆಗೆದವರಿಗೆ ಕಾಣಿಸಲಿಲ್ಲ. ಅಕ್ಟೋಬರಿನಲ್ಲಿ ಮೊದಲ ಆಟದ ದಿನ ಬೇಲಿಯ ಹತ್ತಿರ ಕುಳಿತ ಹಳೆಯ ಕಾರ್ಖಾನೆಯ ಮುದುಕರಿಗೆ ಕಾಣಿಸಿತು, ಅವರು ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸುತ್ತಿದ್ದರು. ಹೆಸರಿನ ಬಟ್ಟೆ ಹೊಲಿಗೆ ಯಂತ್ರದ ಪೆಟ್ಟಿಗೆಯಲ್ಲಿತ್ತು. ಹೊರಗಿನ ಗಾಳಿ ಬರುತ್ತದೆ, ಐಸು ಕೆಡುತ್ತದೆ ಎಂದು ಯಂತ್ರದ ಕೋಣೆಯವನು ದಿನವೂ ಬೈದರೂ ಓರ್ವಿಲ್ ಮೊದಲ ಹಿಮ ಬೀಳುವವರೆಗೆ ಹಿಂಬಾಗಿಲಿನ ಬಿಲ್ಲೆಯನ್ನು ತೆಗೆಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅದನ್ನು ತಾನೇ ಕಾಲಿನಿಂದ ಸರಿಸಿದ. ಶಾರ್ಬೊನೊ ಮನೆಯಿಂದ ಇಲ್ಲಿಗೆ ಸೇತುವೆ ದಾಟಿ ನಡೆದರೆ ಹತ್ತು ನಿಮಿಷ. ಶಾರ್ಬೊನೊ ಆ ಬಾಗಿಲಿನಿಂದ ಮತ್ತೆ ಒಳಗೆ ಬರಲಿಲ್ಲ.